ಮಾಯಿಸಿ ನದಿ ದಂಡೆಯಲ್ಲಿ ಎವರೆಟ್ ದಂಪತಿ: ಒಂದು ಪ್ರಕರಣ ಅಧ್ಯಯನ

ಬ್ರೆಜಿಲ್‌ನ ಅಮೆಜೋನಾಸ್ ರಾಜ್ಯದಲ್ಲಿ ಮಾಯಿಸಿ ಎಂಬ ನದಿ ಇದೆ. ಅದು ಹರಿದು ಮಾರ್ಮೆಲೋಸ್ ನದಿಗೆ ಸೇರುತ್ತದೆ, ಮಾರ್ಮೆಲೋಸ್ ಹೋಗಿ ಮದೈರಾಕ್ಕೆ, ಮದೈರಾ ಅಮೆಜಾನ್‌ಗೆ. ಮಾಯಿಸಿಯ ಉದ್ದಕ್ಕೂ ದಂಡೆಯ ಮೇಲೆ ಪಿರಹಾ ಜನರ ಸಣ್ಣ ಸಣ್ಣ ಊರುಗಳಿವೆ. ಮೀನು ಹಿಡಿಯುತ್ತಾರೆ, ಬೇಟೆಯಾಡುತ್ತಾರೆ, ಸ್ವಲ್ಪ ಮರಗೆಣಸು ಬೆಳೆಯುತ್ತಾರೆ. 2000ರ ದಶಕದಲ್ಲಿ ಇವರೆಲ್ಲ ಸೇರಿ ನಾನೂರು ಜನರೂ ಇರಲಿಲ್ಲ. ಮುರಾ ಎಂಬ ಭಾಷಾ ಕುಟುಂಬದಲ್ಲಿ ಇವತ್ತಿಗೂ ಬದುಕಿ ಉಳಿದಿರುವುದು ಇವರ ಭಾಷೆ ಒಂದೇ.

ಇಷ್ಟು ಸಣ್ಣ ಜನಾಂಗದ ಬಳಿಗೆ 1959ರಿಂದ ಒಂದರ ಹಿಂದೆ ಒಂದು ಮಿಷನರಿ ಕುಟುಂಬ ಬಂತು. ಮೊದಲು ಹೈನ್‌ರಿಕ್ಸ್ ದಂಪತಿ, ಅವರ ನಂತರ ಶೆಲ್ಡನ್ ದಂಪತಿ. 1977ರ ಡಿಸೆಂಬರ್‌ನಲ್ಲಿ ಡೇನಿಯಲ್ ಎವರೆಟ್ ಮೊದಲ ಸಲ ಬಂದು ಹೋದರು. ಆಮೇಲೆ ಹೆಂಡತಿ ಕೆರೆನ್ ಮತ್ತು ಮೂರು ಪುಟ್ಟ ಮಕ್ಕಳನ್ನು ಕರೆದುಕೊಂಡು ಬಂದರು. ಬಂದ ಉದ್ದೇಶ ಒಂದೇ, ಬೈಬಲನ್ನು ಪಿರಹಾ ಭಾಷೆಗೆ ತರುವುದು. ಆ ಉದ್ದೇಶ ಈಡೇರಲಿಲ್ಲ. ಆದರೆ ಈ ಪ್ರಕರಣ ಸುಮ್ನೆ ಒಂದು ವಿಫಲ ಮಿಷನ್‌ನ ಕಥೆ ಅಲ್ಲ. ಊರವರು ಎವರೆಟ್ ಕುಟುಂಬವನ್ನು ಓಡಿಸಲಿಲ್ಲ. ಅವರನ್ನು ಇಷ್ಟಪಟ್ಟರು, ಜೊತೆಗಿಟ್ಟುಕೊಂಡರು, ಭಾಷೆ ಕಲಿಸಿದರು. ತಂದ ಸಂದೇಶವನ್ನು ಮಾತ್ರ ಬೇಡ ಅಂದರು. ಜನ ಬೇಕು, ಸಂದೇಶ ಬೇಡ ಎಂಬ ಉತ್ತರಕ್ಕೆ ಮಿಷನ್‌ನ ಯೋಜನೆಯಲ್ಲಿ ಜಾಗವೇ ಇರಲಿಲ್ಲ. ಆ ಉತ್ತರವನ್ನು ಏನು ಮಾಡಬೇಕು ಎಂಬ ಪ್ರಶ್ನೆಯಲ್ಲೇ ಗಂಡ ಹೆಂಡತಿ ಎರಡು ದಾರಿ ಹಿಡಿದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವ ಘಟನೆಗಳಲ್ಲಿ ಜಾಸ್ತಿ ಪಾಲು ಡೇನಿಯಲ್ ತಾವೇ ಬರೆದು, ಹೇಳಿ ತಿಳಿಸಿದ್ದು. ಕೆರೆನ್ ತಮ್ಮ ಬಗ್ಗೆ ಅಷ್ಟು ಹೇಳಿಕೊಂಡವರಲ್ಲ. ಹಾಗಾಗಿ ಈ ಕಥೆ ಓದುವವರು ಸಹಜವಾಗಿ ಡೇನಿಯಲ್ ಕಣ್ಣಿನಿಂದಲೇ ನೋಡಿಬಿಡುತ್ತಾರೆ. ಸಾಧ್ಯವಾದಷ್ಟು ಆ ತೂಕ ಸರಿಮಾಡುವುದು ನನ್ನ ಆಸೆ.

ದಂಪತಿ

ಇಬ್ಬರಲ್ಲಿ ಅಮೆಜಾನ್ ಗೊತ್ತಿದ್ದವರು ಕೆರೆನ್. ಅವರ ಅಪ್ಪ ಅಮ್ಮ ಸತೆರೆ-ಮಾವೆ ಎಂಬ ಮೂಲನಿವಾಸಿಗಳ ನಡುವೆ ಮಿಷನರಿಗಳಾಗಿದ್ದರು. ಬಾಲ್ಯದಲ್ಲೇ ಆಕೆ ಆ ನದಿಗಳನ್ನು, ಆ ಸೆಖೆಯನ್ನು, ಆ ಬದುಕನ್ನು ಕಂಡಿದ್ದರು. ಡೇನಿಯಲ್ ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೊ ಗಡಿಯ ಹತ್ತಿರದ ಊರಿನವರು, ಬ್ಯಾಂಡ್‌ನಲ್ಲಿ ಗಿಟಾರ್ ನುಡಿಸಿಕೊಂಡಿದ್ದ ಹುಡುಗ. ಹೈಸ್ಕೂಲಿನಲ್ಲಿ ಕೆರೆನ್ ಪರಿಚಯವಾಯಿತು. ಆಕೆಯ ಮನೆಯವರ ಪ್ರಭಾವದಿಂದ ಹದಿನೇಳನೇ ವಯಸ್ಸಿಗೆ ಕ್ರೈಸ್ತ ನಂಬಿಕೆಗೆ ಬಂದರು, ಹದಿನೆಂಟಕ್ಕೆ ಆಕೆಯನ್ನೇ ಮದುವೆಯಾದರು. ಇದು ಮುಖ್ಯ, ಯಾಕೆಂದರೆ ಡೇನಿಯಲ್ ಪಾಲಿಗೆ ನಂಬಿಕೆ ಮತ್ತು ಮದುವೆ ಎರಡೂ ಒಂದೇ ಬಾಗಿಲಿನಿಂದ ಬಂದವು.

ಷಿಕಾಗೊದ ಮೂಡಿ ಬೈಬಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿ, ಇಬ್ಬರೂ ಸಮ್ಮರ್ ಇನ್‌ಸ್ಟಿಟ್ಯೂಟ್ ಆಫ್ ಲಿಂಗ್ವಿಸ್ಟಿಕ್ಸ್, ಅಂದರೆ ಎಸ್‌ಐಎಲ್ ಸೇರಿದರು. ಮೆಕ್ಸಿಕೊದ ಚಿಯಾಪಾಸ್‌ನಲ್ಲಿ ಕಾಡಿನ ತರಬೇತಿ ಆಯಿತು. ಎಸ್‌ಐಎಲ್ ಪದ್ಧತಿ ಬೇರೆ ಮಿಷನ್‌ಗಳ ಹಾಗಲ್ಲ. ಅವರ ಜನ ಊರಲ್ಲಿ ಬೋಧನೆ ಮಾಡುವುದಿಲ್ಲ, ಚರ್ಚ್ ಕಟ್ಟುವುದಿಲ್ಲ, ದೀಕ್ಷಾಸ್ನಾನ ಕೊಡುವುದಿಲ್ಲ. ಭಾಷೆ ಕಲಿತು, ಬರವಣಿಗೆ ಮಾಡಿಕೊಟ್ಟು, ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ಅನುವಾದಿಸಿ ಜನರ ಕೈಗೆ ಕೊಡುತ್ತಾರೆ. ದೇವರ ವಾಕ್ಯ ತಾಯ್ನುಡಿಯಲ್ಲಿ ಕಿವಿಗೆ ಬಿದ್ದರೆ ಸಾಕು, ಉಳಿದದ್ದನ್ನು ಅದೇ ಮಾಡುತ್ತದೆ ಎಂಬುದು ಅವರ ನಂಬಿಕೆ.

ಪಿರಹಾ ಕಲಿಯುವುದು ಸುಲಭದ ಕೆಲಸವಾಗಿರಲಿಲ್ಲ. ಸ್ವರ ಮೂರು, ವ್ಯಂಜನ ಎಂಟರ ಸುಮಾರು. ಧ್ವನಿಯ ಏರಿಳಿತ ಬದಲಾದರೆ ಅರ್ಥವೇ ಬದಲು. ಗಂಡಸರು ಬೇಟೆಯಲ್ಲಿ ಇದೇ ಭಾಷೆಯನ್ನು ಸಿಳ್ಳೆಯಲ್ಲಿ ಆಡುತ್ತಾರೆ. ತಾಯಂದಿರು ಮಕ್ಕಳ ಹತ್ತಿರ ಗುನುಗುತ್ತಲೇ ಮಾತಾಡುತ್ತಾರೆ. ಮಧ್ಯೆ ನಿಂತು ಅರ್ಥ ಹೇಳುವ ದುಭಾಷಿ ಇಲ್ಲ. ಒಂದು ಕಡ್ಡಿ ಎತ್ತಿ ತೋರಿಸಬೇಕು, ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು. ಆ ಕಡ್ಡಿಯನ್ನು ನೆಲಕ್ಕೆ ಬೀಳಿಸಬೇಕು, ಈಗೇನು ಹೇಳುತ್ತಾರೋ ಅದನ್ನೂ ಬರೆದುಕೊಳ್ಳಬೇಕು. ಎರಡು ಕಡ್ಡಿ ಎತ್ತಿದರೆ? ಎಸೆದರೆ? ಹೀಗೆ ದಿನಗಟ್ಟಲೆ. ಡೇನಿಯಲ್ ವ್ಯಾಕರಣದ ಹಿಂದೆ ಬಿದ್ದರು. ಕೆರೆನ್ ಮಾತಿನ ಲಯ, ರಾಗದ ಹಿಂದೆ ಬಿದ್ದರು. ಈ ಭಾಷೆಯ ಬೀಗದ ಕೈ ಇರುವುದು ಅದರ ಹಾಡಿನಂಥ ಏರಿಳಿತದಲ್ಲೇ ಎಂದು ಆಕೆ ಮುಂದೆಯೂ ಹೇಳುತ್ತಾ ಬಂದರು.

ಜ್ವರ

ಕುಟುಂಬ ಊರಲ್ಲಿ ನೆಲೆಸಿ ಜಾಸ್ತಿ ಕಾಲ ಆಗಿರಲಿಲ್ಲ. ಕೆರೆನ್‌ಗೂ ದೊಡ್ಡ ಮಗಳಿಗೂ ಜ್ವರ ಬಂತು. ಡೇನಿಯಲ್ ತಮ್ಮ ಹತ್ತಿರ ಇದ್ದ ವೈದ್ಯಕೀಯ ಕೈಪಿಡಿ ನೋಡಿ ಟೈಫಾಯ್ಡ್ ಇರಬೇಕು ಅಂದುಕೊಂಡರು, ಅದಕ್ಕೇ ಔಷಧಿ ಕೊಟ್ಟರು. ಅದು ಮಲೇರಿಯಾ ಆಗಿತ್ತು. ದಿನ ಕಳೆದಂತೆ ಇಬ್ಬರೂ ಬಳಲಿದರು. ಕೆರೆನ್‌ಗೆ ಮೈಮೇಲೆ ಪ್ರಜ್ಞೆ ಇಲ್ಲದಷ್ಟು ಜ್ವರ.

ಅದೇ ಹೊತ್ತಿಗೆ ಊರಿಗೆ ಬಂದಿದ್ದ ಕ್ಯಾಥೊಲಿಕ್ ಕಾರ್ಯಕರ್ತರೊಬ್ಬರ ದೋಣಿ ಸಿಕ್ಕಿತು. ಹೆಂಡತಿ, ಮಕ್ಕಳನ್ನು ಅದರಲ್ಲಿ ಮಲಗಿಸಿಕೊಂಡು ಮಾಯಿಸಿಯಿಂದ ಮಾರ್ಮೆಲೋಸ್‌ಗೆ ಬಂದರು. ಅಲ್ಲಿಂದ ಕಾಡುದಾರಿಯಲ್ಲಿ ಹೊತ್ತುಕೊಂಡು ಮದೈರಾ ದಂಡೆಯ ಆಕ್ಸಿಲಿಯಾದೋರಾ ಎಂಬ ಊರು ಸೇರಿದರು. ಅಲ್ಲಿ ಪ್ರಯಾಣಿಕರ ದೊಡ್ಡ ದೋಣಿಗೆ ಕಾಯಬೇಕು. ಅಮೆಜಾನ್‌ನ ಆ ದೋಣಿಗಳಲ್ಲಿ ಸೀಟು, ಹಾಸಿಗೆ ಇರುವುದಿಲ್ಲ. ಎಲ್ಲರೂ ತಮ್ಮ ತಮ್ಮ ಬಟ್ಟೆಯ ಜೋಲಿ ಕಟ್ಟಿಕೊಂಡು ಒತ್ತೊತ್ತಾಗಿ ಮಲಗುತ್ತಾರೆ. ಆ ಜೋಲಿಗಳ ಸಾಲಿನಲ್ಲಿ ಸಾವಿನ ಅಂಚಿನಲ್ಲಿದ್ದ ಇಬ್ಬರು. ಹಾಗೇ ಮೇಲಕ್ಕೆ ಸಾಗಿ ಕೊನೆಗೆ ಪೋರ್ತೊ ವೆಲ್ಯೊ ನಗರದ ಆಸ್ಪತ್ರೆ ಮುಟ್ಟಿದರು. ಇಬ್ಬರೂ ಬದುಕಿದರು. ಕೆರೆನ್ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿದವು.

ಈ ಪ್ರಯಾಣದ ಬಗ್ಗೆ ಡೇನಿಯಲ್‌ಗೆ ಆಮೇಲೆ ಹೊಳೆದ ಒಂದು ಮಾತು ಇಡೀ ಪ್ರಕರಣಕ್ಕೆ ಬೆಳಕು ಕೊಡುತ್ತದೆ. ಹೊರಡುವಾಗ ಊರವರು ಅಳಲಿಲ್ಲ, ಗಾಬರಿಯಾಗಲಿಲ್ಲ. ಬರುವಾಗ ಇಂಥಿಂಥ ಸಾಮಾನು ತನ್ನಿ ಅಂದರು. ಆಗ ಡೇನಿಯಲ್‌ಗೆ ಬೇಜಾರಾಯಿತು, ಇವರಿಗೆ ಮನಸ್ಸೇ ಇಲ್ವಾ ಅನ್ನಿಸಿತು. ಪಿರಹಾ ಜನ ಹೀಗೆ ಎಷ್ಟೋ ಸಲ ಮಕ್ಕಳನ್ನು, ಹೆಂಡತಿಯರನ್ನು, ಅಪ್ಪ ಅಮ್ಮನನ್ನು ಕಳೆದುಕೊಂಡವರು ಎಂಬುದು ಆಮೇಲೆ ಅರ್ಥವಾಯಿತು. ಅವರಿಗೆ ಯಾವ ದೋಣಿಯೂ ಇರಲಿಲ್ಲ, ಕಾಯುವ ಆಸ್ಪತ್ರೆಯೂ ಇರಲಿಲ್ಲ. ಮರುದಿನ ಬೆಳಗ್ಗೆ ಮೀನು ಹಿಡಿಯಲು ಹೋಗಲೇಬೇಕಿತ್ತು.

ಕೆರೆನ್ ಮತ್ತೆ ಅದೇ ಊರಿಗೆ ಮರಳಿ ಬಂದರು. ಈ ಕಥೆ ಹೇಳುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಹಾಗೆ ದಾಟಲು ಆಗುವುದಿಲ್ಲ. ಸತ್ತು ಬದುಕಿದ ಜಾಗಕ್ಕೆ ಮಕ್ಕಳನ್ನೂ ಕರೆದುಕೊಂಡು ಹಿಂತಿರುಗಿ, ಮತ್ತೆ ಔಷಧಿ ಪೆಟ್ಟಿಗೆ ತೆಗೆದು ಇನ್ನೊಬ್ಬರ ಮಗುವಿಗೆ ಮಲೇರಿಯಾ ಮಾತ್ರೆ ಕೊಡುವುದಕ್ಕೆ ಎಂಥ ಧೈರ್ಯ ಬೇಕು!

ವ್ಯಾಪಾರಿ, ಸಾರಾಯಿ, ಲೆಕ್ಕ

ಮಾಯಿಸಿಯಲ್ಲಿ ದೋಣಿ ವ್ಯಾಪಾರಿಗಳು ಓಡಾಡುತ್ತಾರೆ. ಪಿರಹಾ ಜನರಿಂದ ಬ್ರೆಜಿಲ್ ನಟ್, ಕಾಡಿನ ಅಂಟು ತೆಗೆದುಕೊಂಡು ಹೋಗುತ್ತಾರೆ. ಬದಲಿಗೆ ಕೊಡುವುದು ಹೊಗೆಸೊಪ್ಪು, ಕತ್ತಿ, ಕೆಲವೊಮ್ಮೆ ಕಶಾಸಾ ಎಂಬ ಕಬ್ಬಿನ ಸಾರಾಯಿ. ಎವರೆಟ್ ದಂಪತಿಗೆ ಸಾರಾಯಿ ಇಷ್ಟವಿರಲಿಲ್ಲ. ಡೇನಿಯಲ್ ವ್ಯಾಪಾರಿಗೆ, ಇವರಿಗೆ ಸಾರಾಯಿ ಕೊಡಬೇಡಿ ಎಂದು ಹೇಳಿದರು. ಒಬ್ಬ ವ್ಯಾಪಾರಿ ಇದಕ್ಕೆ ಸಿಟ್ಟಾಗಿ, ಊರ ಗಂಡಸರಿಗೆ ಕುಡಿಸಿ, ಈ ಅಮೆರಿಕದವನನ್ನು ಕೊಂದರೆ ಬಂದೂಕು ಕೊಡುತ್ತೇನೆ ಎಂದು ಹುರಿದುಂಬಿಸಿದ.

ಆ ರಾತ್ರಿ ದಂಡೆಯ ಮೇಲೆ ಆಗುತ್ತಿದ್ದ ಮಾತು ಡೇನಿಯಲ್ ಕಿವಿಗೆ ಬಿತ್ತು. ಅಷ್ಟು ಹೊತ್ತಿಗೆ ಭಾಷೆ ಬಂದಿತ್ತು, ಅದೇ ಜೀವ ಉಳಿಸಿತು. ಅವರು ಕೆರೆನ್ ಮತ್ತು ಮಕ್ಕಳನ್ನು ಸಾಮಾನಿನ ಕೋಣೆಯಲ್ಲಿ ಇಟ್ಟು ಬೀಗ ಹಾಕಿದರು. ಊರೊಳಗೆ ಹೋಗಿ ಬಿಲ್ಲು, ಬಾಣ, ಕತ್ತಿ, ಬಂದೂಕು ಎಲ್ಲ ಒಟ್ಟು ಮಾಡಿಕೊಂಡು ಬಂದು ರಾತ್ರಿಯಿಡೀ ಕಾದರು. ಬೆಳಗಾದ ಮೇಲೆ ಗಂಡಸರು ಬಂದು ತಪ್ಪಾಯಿತು ಅಂದರು. ಆಮೇಲೆ ಕೇಳಿ ತಿಳಿದಾಗ ಗೊತ್ತಾದದ್ದು ಬೇರೆಯೇ. ಅವರ ಸಿಟ್ಟಿಗೆ ಕಾರಣ ಸಾರಾಯಿ ಒಂದೇ ಆಗಿರಲಿಲ್ಲ. ತಾವು ಏನು ಕೊಳ್ಳಬೇಕು, ಏನು ಕೊಳ್ಳಬಾರದು ಎಂದು ಹೊರಗಿನವನೊಬ್ಬ ತಮ್ಮ ಪರವಾಗಿ ತೀರ್ಮಾನ ಮಾಡಿದ್ದು ಅವರಿಗೆ ಸಹಿಸಲಾಗಲಿಲ್ಲ. ಪಿರಹಾ ಜನರಲ್ಲಿ ನಾಯಕ ಅಂತ ಇಲ್ಲ. ಒಬ್ಬ ದೊಡ್ಡವನು ಇನ್ನೊಬ್ಬ ದೊಡ್ಡವನಿಗೆ ಆಜ್ಞೆ ಮಾಡುವ ರೂಢಿಯೂ ಇಲ್ಲ. ಒಳ್ಳೆಯದಕ್ಕೇ ಹೇಳಿದ್ದು ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.

ಜನರೇ ಬಾಯ್ಬಿಟ್ಟು ಕೇಳಿದ ಸಹಾಯ ಬೇರೆ ಇತ್ತು. ವ್ಯಾಪಾರಿಗಳು ನಮಗೆ ಮೋಸ ಮಾಡುತ್ತಾರೆ ಅನ್ನಿಸುತ್ತದೆ, ಲೆಕ್ಕ ಹೇಳಿಕೊಡಿ ಅಂದರು. 1980ರಲ್ಲಿ ಎಂಟು ತಿಂಗಳು, ದಿನಾ ಸಂಜೆ ಪಾಠ ನಡೆಯಿತು. ಪಿರಹಾದಲ್ಲಿ ಒಂದು, ಎರಡು ಎಂದು ಎಣಿಸುವ ಪದಗಳೇ ಇಲ್ಲ ಎಂದು ಎವರೆಟ್ ಹೇಳುತ್ತಾರೆ. ಹಾಗಾಗಿ ಪೋರ್ಚುಗೀಸ್ ಅಂಕಿಗಳಲ್ಲೇ ಕಲಿಸಿದರು. ಜನ ಖುಷಿಯಾಗಿ ಬರುತ್ತಿದ್ದರು. ಎಂಟು ತಿಂಗಳಾದ ಮೇಲೆ ಹತ್ತರವರೆಗೆ ಎಣಿಸಲು ಯಾರಿಗೂ ಬರಲಿಲ್ಲ. ಒಂದಕ್ಕೆ ಒಂದು ಸೇರಿಸಿದರೆ ಎರಡು ಎಂಬುದೂ ನಿಲ್ಲಲಿಲ್ಲ. ನಮಗೆ ಇದು ಆಗುವುದಿಲ್ಲ ಎಂದು ಅವರೇ ನಿಲ್ಲಿಸಿದರು.

ಇದನ್ನು ದಡ್ಡತನ ಅಂದುಕೊಳ್ಳುವವರಿಗೆ 2008ರ ಒಂದು ಪ್ರಯೋಗ ಉತ್ತರ ಕೊಡುತ್ತದೆ. ಸಂಶೋಧಕ ಮೈಕಲ್ ಫ್ರಾಂಕ್ ಮತ್ತು ಜೊತೆಗಾರರು, ಅವರಲ್ಲಿ ಎವರೆಟ್ ಕೂಡ ಒಬ್ಬರು, ಪಿರಹಾ ಜನರ ಮುಂದೆ ನೂಲಿನ ರೀಲುಗಳನ್ನು ಸಾಲಾಗಿ ಇಟ್ಟರು. ಅಷ್ಟೇ ಬಲೂನುಗಳನ್ನು ಎದುರಿಗೆ ಇಡಿ ಅಂದರು. ಸಾಲು ಕಣ್ಣೆದುರಿಗೆ ಇದ್ದಾಗ ತಪ್ಪೇ ಇಲ್ಲ ಎನ್ನುವಷ್ಟು ಸರಿಯಾಗಿ ಇಟ್ಟರು. ಸಾಲನ್ನು ಮುಚ್ಚಿ, ನೆನಪಿನಿಂದ ಇಡಿ ಅಂದಾಗ ತಪ್ಪುಗಳು ಬಂದವು. ಅಂದರೆ ಸಮ ಎಂದರೇನು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಎದುರಿಗಿಲ್ಲದ ಮೊತ್ತವನ್ನು ಹಿಡಿದಿಟ್ಟುಕೊಳ್ಳುವ ಅಂಕಿ ಎಂಬ ಸಾಧನ ಮಾತ್ರ ಅವರ ಬಳಿ ಇಲ್ಲ. ಅದಿಲ್ಲದೆಯೂ ಅವರ ಬದುಕು ಸಾಗಿದೆ.

ನೀವು ನೋಡಿದ್ದೀರಾ?

ಬೈಬಲ್ ಕೆಲಸದಲ್ಲಿ ಎದುರಾದದ್ದೂ ಕಣ್ಣೆದುರು ಇರುವುದು, ಇಲ್ಲದಿರುವುದು ಎಂಬ ಪ್ರಶ್ನೆಯೇ. ಪಿರಹಾ ಜನ ಒಂದು ಮಾತಿಗೆ ಬೆಲೆ ಕೊಡುವುದು ಹೇಳುವವನು ಅದನ್ನು ಕಂಡಿದ್ದರೆ, ಇಲ್ಲವೇ ಕಂಡವನೇ ಅವನಿಗೆ ಹೇಳಿದ್ದರೆ. ಅವರಲ್ಲಿ ಸೃಷ್ಟಿಯ ಕಥೆ ಇಲ್ಲ, ತುಂಬಾ ಹಿಂದಿನ ಪೂರ್ವಜರ ಪುರಾಣವೂ ಇಲ್ಲ ಎನ್ನುತ್ತಾರೆ ಎವರೆಟ್. ಆತ್ಮಗಳನ್ನು ಅವರು ನಂಬುತ್ತಾರೆ, ಯಾಕೆಂದರೆ ಕಾಡಿನಲ್ಲಿ ಅವನ್ನು ಕಣ್ಣಾರೆ ಕಂಡಿದ್ದೇವೆ ಎನ್ನುತ್ತಾರೆ.

ಇಂಥವರಿಗೆ ಡೇನಿಯಲ್ ಯೇಸುವಿನ ಬಗ್ಗೆ ಹೇಳಿದರು. ಅವನು ಹೇಗಿದ್ದಾನೆ, ನಮ್ಮ ಹಾಗೆ ಕಂದು ಬಣ್ಣವೋ, ನಿಮ್ಮ ಹಾಗೆ ಬಿಳಿಯೋ ಎಂದು ಕೇಳಿದರು. ನಾನು ನೋಡಿಲ್ಲ, ಅವನು ಬದುಕಿದ್ದದ್ದು ಬಹಳ ಹಿಂದೆ ಅಂದರು ಡೇನಿಯಲ್. ನಿಮ್ಮ ಅಪ್ಪ ನೋಡಿದ್ದಾರಾ? ಇಲ್ಲ. ನೋಡಿದವರು ಯಾರನ್ನಾದರೂ ನೀವು ನೋಡಿದ್ದೀರಾ? ಅದೂ ಇಲ್ಲ. ಹಾಗಾದರೆ ನಮಗೆ ಯಾಕೆ ಹೇಳುತ್ತಿದ್ದೀರಿ? ಇದು ಜಗಳದ ಪ್ರಶ್ನೆ ಅಲ್ಲ. ಬೇಟೆಯಿಂದ ಬಂದವನನ್ನೂ ಅವರು ಹೀಗೇ ಕೇಳುತ್ತಾರೆ.

ಇನ್ನೊಂದು ಸಲ ಡೇನಿಯಲ್ ತಮ್ಮ ಬದುಕಿನ ಸಾಕ್ಷಿ ಹೇಳಿದರು. ಕ್ರೈಸ್ತ ಸಭೆಗಳಲ್ಲಿ ಸಾಕ್ಷಿ ಹೇಳುವ ಪದ್ಧತಿ ನಮಗೂ ಗೊತ್ತಿರುವುದೇ. ತಮ್ಮ ಮಲತಾಯಿ ಆತ್ಮಹತ್ಯೆ ಮಾಡಿಕೊಂಡದ್ದು, ಆ ನೋವಿನಲ್ಲಿ ತಾವು ದೇವರ ಕಡೆ ತಿರುಗಿದ್ದು, ಎಲ್ಲವನ್ನೂ ಮನಸ್ಸು ಬಿಚ್ಚಿ ಹೇಳಿದರು. ಅಮೆರಿಕದಲ್ಲಿ ಇದನ್ನು ಕೇಳಿದವರು ಕಣ್ಣೀರು ಹಾಕುತ್ತಿದ್ದರು. ಪಿರಹಾ ಜನ ನಕ್ಕರು. ಯಾಕೆ ನಗುತ್ತೀರಿ ಎಂದರೆ, ತನ್ನನ್ನು ತಾನೇ ಕೊಂದುಕೊಂಡಳಾ, ನಾವು ಯಾರೂ ಹಾಗೆ ಮಾಡುವುದಿಲ್ಲಪ್ಪ ಅಂದರು.

ಬೈಬಲ್‌ನಲ್ಲಿ ಯೇಸುವಿನ ಬದುಕು ಹೇಳುವ ಸುವಾರ್ತೆಯ ಅನುವಾದವನ್ನು ಧ್ವನಿಮುದ್ರಿಸಿ ಕೇಳಿಸಿದಾಗ ಅವರಿಗೆ ಹಿಡಿಸಿದ್ದು ಸ್ನಾನಿಕ ಯೋಹಾನನ ತಲೆ ಕಡಿಯುವ ಭಾಗ. ಅದನ್ನು ಮತ್ತೆ ಮತ್ತೆ ಕೇಳಿದರು. ಅನುವಾದ ಅರ್ಥವಾಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕೊನೆಗೆ ಒಂದು ಬೆಳಗ್ಗೆ ಒಬ್ಬ ಪಿರಹಾ ಸ್ನೇಹಿತ ಡೇನಿಯಲ್‌ಗೆ ನೇರವಾಗಿ ಹೇಳಿದ. ನೀವು ನಿಮ್ಮ ನಾಡು, ನಿಮ್ಮವರನ್ನು ಬಿಟ್ಟು ಇಲ್ಲಿಗೆ ಬಂದದ್ದು ಯೇಸುವಿನ ಬಗ್ಗೆ ಹೇಳಲು ಎಂದು ನಮಗೆ ಗೊತ್ತು. ನಾವು ಅಮೆರಿಕದವರ ಹಾಗೆ ಬದುಕಬೇಕು ಎಂದು ನಿಮ್ಮ ಆಸೆ. ನಮಗೆ ಕುಡಿಯುವುದು ಇಷ್ಟ, ಒಬ್ಬಳಿಗಿಂತ ಹೆಚ್ಚು ಹೆಂಗಸರು ಇಷ್ಟ. ಯೇಸು ನಮಗೆ ಬೇಡ. ನೀವು ಬೇಕು, ಇಲ್ಲೇ ಇರಿ. ಯೇಸುವಿನ ಮಾತು ಮಾತ್ರ ಇನ್ನು ಬೇಡ. ಮೊದಲು ಬಂದಿದ್ದ ಮಿಷನರಿಗಳೂ ಇದನ್ನೇ ಹೇಳಿದ್ದರು ಎಂಬುದನ್ನೂ ನೆನಪಿಸಿದ. ಅವನ ಮಾತಿನ ತಾತ್ಪರ್ಯ ಇದು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಇದಕ್ಕಿಂತ ಸ್ಪಷ್ಟವಾದ, ಮರ್ಯಾದೆಯ ಮಾತು ಯಾರ ಬಾಯಿಂದಲೂ ಬಂದಿಲ್ಲ. ಎರಡು ದಶಕ, ಮೂರು ಕುಟುಂಬ. ಅಷ್ಟನ್ನೂ ಕೇಳಿ, ಯೋಚಿಸಿ ಕೊಟ್ಟ ಉತ್ತರ ಅದು. ಅದನ್ನು ಉತ್ತರ ಎಂದೇ ಸ್ವೀಕರಿಸಬೇಕಿತ್ತು.

ಒಂದು ಮಗುವಿನ ಸಾವು

ಇಲ್ಲಿಯವರೆಗೆ ಓದಿ ಪಿರಹಾ ಜನರ ಪರವಾಗಿ ಪೂರ್ತಿ ವಾಲಿದವರು ಈ ಘಟನೆಯನ್ನೂ ತಿಳಿಯಬೇಕು. ತಾಯಿ ಸತ್ತ ಒಂದು ಎಳೆಕೂಸು ಸಾಯುವ ಸ್ಥಿತಿಯಲ್ಲಿತ್ತು. ಎವರೆಟ್ ದಂಪತಿ ಅದಕ್ಕೆ ಕೊಳವೆಯಿಂದ ಹಾಲು ಕೊಟ್ಟು, ರಾತ್ರಿ ಹಗಲು ಎದ್ದು ನೋಡಿಕೊಂಡರು. ಸ್ವಲ್ಪ ಚೇತರಿಕೆ ಕಂಡಿತು. ಡೇನಿಯಲ್ ಸ್ವಲ್ಪ ಹೊತ್ತು ಹೊರಗೆ ಹೋಗಿ ಬರುವಷ್ಟರಲ್ಲಿ ಮಗು ಸತ್ತಿತ್ತು. ಊರವರು ಅದರ ಬಾಯಿಗೆ ಸಾರಾಯಿ ಹಾಕಿದ್ದರು.

ಅವರು ಕೊಟ್ಟ ಕಾರಣ ಹೀಗಿತ್ತು. ಈ ಮಗು ಉಳಿಯುವುದಿಲ್ಲ, ಸಾಯಲು ಹೊರಟಿದೆ, ನೀವು ಅದರ ನೋವನ್ನು ಉದ್ದ ಮಾಡುತ್ತಿದ್ದೀರಿ. ತಾಯಿಯಿಲ್ಲದ ಕೂಸಿಗೆ ಹಾಲು ಕೊಡುವವರು ಇಲ್ಲದ ಊರು ಅದು. ಈ ದಂಪತಿ ಹೊರಟುಹೋದ ಮೇಲೆ ಮುಂದೇನು ಎಂಬುದು ಅವರಿಗೆ ಕಾಣುತ್ತಿತ್ತು. ನನಗೆ ಅವರ ತರ್ಕ ಅರ್ಥವಾಗುತ್ತದೆ, ಒಪ್ಪಲು ಆಗುವುದಿಲ್ಲ. ಆ ಮಗುವಿಗೆ ಇನ್ನೂ ಸ್ವಲ್ಪ ದಿನ ಕೊಡಬೇಕಿತ್ತು ಎಂದೇ ಈಗಲೂ ಅನ್ನಿಸುತ್ತದೆ. ಬೇಡ ಎಂದ ಅವರ ಮಾತನ್ನು ಗೌರವಿಸಬೇಕು ಎನ್ನುವವರು, ಅವರು ಮಾಡಿದ್ದೆಲ್ಲ ಸರಿ ಎನ್ನಬೇಕಾಗಿಲ್ಲ.

ಎರಡು ದಾರಿ

ನೀವು ನೋಡಿದ್ದೀರಾ ಎಂಬ ಆ ಪ್ರಶ್ನೆಗಳು ಡೇನಿಯಲ್ ಒಳಗೆ ಕೆಲಸ ಮಾಡಿದವು. ನೋಡಿಲ್ಲದವರ ಮಾತನ್ನು ನಾನು ಯಾವ ಆಧಾರದ ಮೇಲೆ ನಂಬಿದ್ದೇನೆ ಎಂದು ತಮ್ಮನ್ನೇ ಕೇಳಿಕೊಂಡರು. ಮಿಷನರಿಗಳಿಗೆ ಸರ್ಕಾರದ ಅನುಮತಿ ಸಿಗದಿದ್ದ ಕಾಲದಲ್ಲಿ ಊರಿಗೆ ಮರಳುವ ದಾರಿಗಾಗಿ ಬ್ರೆಜಿಲ್‌ನ ಕಾಂಪಿನಾಸ್ ವಿಶ್ವವಿದ್ಯಾಲಯ ಸೇರಿದ್ದ ಅವರು, ಅಲ್ಲಿ ವಿಜ್ಞಾನಿಗಳ ಜೊತೆ ಬೆಳೆದು 1983ರಲ್ಲಿ ಡಾಕ್ಟರೇಟ್ ಪಡೆದಿದ್ದರು. 1982ರ ಹೊತ್ತಿಗೇ ಗಟ್ಟಿ ಅನುಮಾನಗಳಿದ್ದವು, 1985ರ ವೇಳೆಗೆ ನಂಬಿಕೆ ಪೂರ್ತಿ ಹೋಗಿತ್ತು ಎಂದು ಅವರೇ ಹೇಳಿದ್ದಾರೆ. ಆದರೆ 1990ರ ದಶಕದ ಕೊನೆಯವರೆಗೂ ಯಾರಿಗೂ ಬಾಯಿಬಿಡಲಿಲ್ಲ. ಹೇಳಿದರೆ ಮನೆ ಒಡೆಯುತ್ತದೆ ಎಂಬ ಹೆದರಿಕೆ. ಆ ಹೆದರಿಕೆ ನಿಜವಾಯಿತು. ಮದುವೆ ಮುರಿಯಿತು. ಮೂವರು ಮಕ್ಕಳಲ್ಲಿ ಇಬ್ಬರು ಮಾತು ಬಿಟ್ಟರು. 2008ರ ಹೊತ್ತಿಗೆ ಮಕ್ಕಳ ಜೊತೆ ಮತ್ತೆ ಸಂಬಂಧ ಕೂಡಿಬಂತು.

ನನಗೆ ಇಲ್ಲಿ ಜಾಸ್ತಿ ಕಾಡುವುದು ನಡುವಿನ ಆ ವರ್ಷಗಳು. ಹತ್ತು ವರ್ಷಕ್ಕೂ ಮೇಲೆ ಒಬ್ಬರಿಗೆ ಅನುವಾದ ದೇವರ ಕೆಲಸ, ಇನ್ನೊಬ್ಬರಿಗೆ ಬರೀ ಭಾಷೆಯ ಕೆಲಸ. ಕೆರೆನ್‌ಗೆ ಅದು ಗೊತ್ತಿಲ್ಲ. ನಂಬಿಕೆ ಬಿಟ್ಟದ್ದಕ್ಕೆ ಡೇನಿಯಲ್ ಅವರನ್ನು ನಾನು ದೂರುವುದಿಲ್ಲ. ಆದರೆ ಜೊತೆಗೆ ದೋಣಿ ಹತ್ತಿದ ಹೆಂಡತಿಗೆ ಅಷ್ಟು ಕಾಲ ಹೇಳದೇ ಇದ್ದದ್ದರ ಭಾರ ಆಕೆಯ ಮೇಲೂ ಬಿತ್ತು ಎಂಬುದನ್ನು ಮರೆಯಬಾರದು.

ಕೆರೆನ್ ನಂಬಿಕೆ ಬಿಡಲಿಲ್ಲ, ಪಿರಹಾ ಜನರನ್ನೂ ಬಿಡಲಿಲ್ಲ. ಮದುವೆ ಮುರಿದ ಮೇಲೂ ಮಾಯಿಸಿಯ ಕೆಲಸ ಮುಂದುವರಿಸಿದರು. ಪಿರಹಾ ಜನರ ಉತ್ತರವನ್ನು ಇಬ್ಬರೂ ಕೇಳಿದ್ದಾರೆ, ಓದಿಕೊಂಡದ್ದು ಮಾತ್ರ ಬೇರೆ. ಅವರು ಅರ್ಥ ಮಾಡಿಕೊಂಡೇ ಬೇಡ ಅಂದರು ಎನ್ನುತ್ತಾರೆ ಡೇನಿಯಲ್. ಭಾಷೆಯ ರಾಗ ನಮಗೇ ಇನ್ನೂ ಪೂರ್ತಿ ಸಿಕ್ಕಿಲ್ಲ ಎಂಬ ನಂಬಿಕೆಯಲ್ಲಿ ಕೆಲಸ ಮಾಡಿದವರು ಕೆರೆನ್. ಉತ್ತರದ ವಿಷಯದಲ್ಲಿ ನಾನು ಡೇನಿಯಲ್ ಪರ. ಆದರೆ ಊರವರ ಮಗುವಿಗೆ ಜ್ವರ ಬಂದಾಗ ಪಕ್ಕದಲ್ಲಿ ಇದ್ದವರು ಯಾರು ಎಂದು ಕೇಳಿದರೆ ಕೆರೆನ್ ಹೆಸರು ಹೇಳಬೇಕಾಗುತ್ತದೆ.

2005ರಲ್ಲಿ ಡೇನಿಯಲ್ ಬರೆದ ಪ್ರಬಂಧ ಭಾಷಾವಿಜ್ಞಾನದಲ್ಲಿ ದೊಡ್ಡ ಗಲಾಟೆ ಎಬ್ಬಿಸಿತು. ವಾಕ್ಯದೊಳಗೆ ವಾಕ್ಯ ಸೇರಿಸುವ ರಚನೆ ಪಿರಹಾದಲ್ಲಿ ಇಲ್ಲ ಎಂಬ ಅವರ ವಾದ, ಅಂಥ ರಚನೆ ಮನುಷ್ಯ ಭಾಷೆಯ ಮೂಲ ಗುಣ ಎಂಬ ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿಯ ಮಾತಿಗೆ ವಿರುದ್ಧವಾಗಿತ್ತು. 2009ರಲ್ಲಿ ನೆವಿನ್ಸ್, ಪೆಸೆಟ್ಸ್ಕಿ, ರೊಡ್ರಿಗಸ್ ಎಂಬ ಭಾಷಾವಿಜ್ಞಾನಿಗಳು ಇದನ್ನು ಬಲವಾಗಿ ಪ್ರಶ್ನಿಸಿದರು. ಆ ವಾದ ಇನ್ನೂ ತೀರಿಲ್ಲ. ಗಲಾಟೆ ಆದ ಮೇಲೆ ಬ್ರೆಜಿಲ್‌ನ ಮೂಲನಿವಾಸಿ ಇಲಾಖೆಯಾದ ಫುನಾಯ್‌ನಿಂದ ಡೇನಿಯಲ್‌ಗೆ ಊರಿಗೆ ಹೋಗಲು ಅನುಮತಿ ಸಿಗಲಿಲ್ಲ.

2010ರ ದಶಕದ ಆರಂಭದ ಹೊತ್ತಿಗೆ ಸರ್ಕಾರ ಅಲ್ಲಿ ಶಾಲೆ ಕಟ್ಟಿಸಿತ್ತು. ವಿದ್ಯುತ್ ಬಂತು, ಟಿವಿ ಬಂತು. ಮಕ್ಕಳಿಗೆ ಪೋರ್ಚುಗೀಸ್ ಮತ್ತು ಲೆಕ್ಕ ಕಲಿಸಲು ಶುರು ಮಾಡಿದರು. ವ್ಯಾಪಾರಿಗಳ ದೋಣಿಗಳು ಮಾಯಿಸಿಯಲ್ಲಿ ಆಗಲೂ ಓಡಾಡುತ್ತಲೇ ಇದ್ದವು.